ಮೂರನೆಯ ಗಾಡಿಯ ಕಂಬಿ

ಗರ್ದೆಲ್ಲೀನಿ ಮನೆಯವರಿಗೆ ಒಂದು ಹಠವಿತ್ತು. ವರ್ಷದ ಮೊದಲ ಸುತ್ತಿನಲ್ಲಿ ಊರವರು ಯಾರೂ ಕೂರಕೂಡದು. ಈಸ್ಟರ್ ಮರುದಿನದ ಸೋಮವಾರ ಪಾದ್ರಿ ಬಂದು ಹಳಿಗೆ ಪವಿತ್ರ ಜಲ ಚಿಮುಕಿಸಿದ ಮೇಲೆ ತಮ್ಮ ಪಾರ್ಕಿನ ರೋಲರ್ ಕೋಸ್ಟರಿನ ಆರೂ ಗಾಡಿಗಳಲ್ಲಿ ಮನೆಯ ಜನವೇ ಕೂತು ಒಂದು ಸುತ್ತು ಹೋಗಿಬರಬೇಕು. ಕೆಳಗೆ ಊರಿಗೆ ಊರೇ ನಿಂತು ನೋಡಬೇಕು. ಇಳಿಯುವಾಗ ಎಲ್ಲರೂ ನಗುತ್ತಿರಬೇಕು. ಹೊಟ್ಟೆ ತೊಳಸಿ ಬಾಯಿಗೆ ಬಂದಿದ್ದರೂ ಸರಿಯೇ, ನುಂಗಿಕೊಂಡು ನಗಬೇಕು. ನಲವತ್ತು ವರ್ಷದಿಂದ ಹೀಗೇ ನಡೆದು ಬಂದಿತ್ತು. ಪೋ ನದಿಯ ದಂಡೆಯ ಬೇರೆ ಪಾರ್ಕಿನವರು ಟಿಕೆಟ್ ಕಿಟಕಿಯ ಪಕ್ಕ ಸರ್ಕಾರದ ತಪಾಸಣೆ ಕಾಗದ ಅಂಟಿಸಿ ಸುಮ್ಮನಾಗುತ್ತಿದ್ದರು. ಮುದುಕ ಎರ್ಮೆಸ್ ಗರ್ದೆಲ್ಲೀನಿ ಆ ಕಾಗದದ ಪಕ್ಕ ಮೊಮ್ಮಕ್ಕಳನ್ನು ಸಾಲಾಗಿ ನಿಲ್ಲಿಸಿ, "ಕಾಗದದ ಮೈಯಲ್ಲಿ ರಕ್ತ ಇಲ್ಲ, ಇವುಗಳ ಮೈಯಲ್ಲಿದೆ," ಎನ್ನುತ್ತಿದ್ದ.

ಮಾತೇನೋ ಚೆನ್ನಾಗಿಯೇ ಇದೆ. ಆದರೆ ಮೊಮ್ಮಗು ಕೂತಿದೆ ಅಂತ ಕಬ್ಬಿಣ ಸವೆಯುವುದನ್ನು ಬಿಡುತ್ತದೆಯೇ? ಈ ಪ್ರಶ್ನೆಯನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಕೇಳಬಹುದಾಗಿದ್ದವಳು ಒಬ್ಬಳೇ, ಸೊಸೆ ದಿಲ್ವಾ. ಆ ವರ್ಷ, ಸಾವಿರದ ಒಂಬೈನೂರ ತೊಂಬತ್ತಾರರಲ್ಲಿ, ಅವಳು ಆ ಮನೆಗೆ ಬಂದು ಹನ್ನೊಂದು ವರ್ಷವಾಗಿತ್ತು.

ದಿಲ್ವಾಳ ಕೆಲಸ ಕಂಬಿ ಹಾಕುವುದು. ಗಾಡಿಗೆ ಇಬ್ಬರು, ಇಬ್ಬರಿಗೂ ಸೇರಿ ತೊಡೆಯ ಮೇಲೆ ಅಡ್ಡಲಾಗಿ ಒಂದೇ ಕಂಬಿ. ಅದನ್ನು ಒತ್ತುತ್ತ ಹೋದರೆ ಒಳಗಿನ ಹಲ್ಲುಪಟ್ಟಿಯಲ್ಲಿ ಕೊಕ್ಕೆ ಒಂದೊಂದೇ ಹಲ್ಲು ಕಚ್ಚುತ್ತ ಟಕ್, ಟಕ್ ಎನ್ನುತ್ತದೆ. ಐದು ಟಕ್ ಕೇಳಿಸಬೇಕು. ಆಮೇಲೆ ಎರಡೂ ಕೈಯಿಂದ ಕಂಬಿಯನ್ನು ಮೇಲಕ್ಕೆ ಎಳೆದು ನೋಡಬೇಕು. ಆರೂ ಗಾಡಿ ಮುಗಿದ ಮೇಲೆ ಗಾಜಿನ ಗೂಡಿನಲ್ಲಿ ಕೂತ ಗಂಡ ಇವಾನೋ ಕಡೆ ತಿರುಗಿ ಹೆಬ್ಬೆರಳು ಎತ್ತಬೇಕು. ಅವಳ ಹೆಬ್ಬೆರಳು ಮೇಲೇಳದೆ ಇವಾನೋ ಗಾಡಿ ಬಿಟ್ಟವನಲ್ಲ. ಅಪ್ಪನ ಮಾತು ಮೀರದ ಮನುಷ್ಯ ಅವನು, ಆದರೆ ಈ ಒಂದು ವಿಷಯದಲ್ಲಿ ಹೆಂಡತಿಯ ಬೆರಳಿಗೆ ಕಾಯುತ್ತಿದ್ದ.

ಹಬ್ಬದ ಮುಂಚಿನ ಗುರುವಾರ ಗಾಡಿಗಳಿಗೆ ಮರಳಿನ ಮೂಟೆ ಕೂರಿಸಿ ಓಡಿಸಿ ನೋಡುವಾಗ ಮೂರನೆಯ ಗಾಡಿಯ ಮೂಟೆಗಳು ಪಕ್ಕಕ್ಕೆ ಉರುಳಿಕೊಂಡು ಬಂದವು. ದಿಲ್ವಾ ಕಂಬಿ ಮುಟ್ಟಿ ನೋಡಿದಳು. ಐದು ಹಲ್ಲಿಗೆ ಹಾಕಿ ಕಳಿಸಿದ್ದು, ಮೂರು ಹಲ್ಲಿನಲ್ಲಿ ನಿಂತಿತ್ತು.

ಇವಾನೋ ಬಂದು ಪಕ್ಕದ ತಗಡು ಬಿಚ್ಚಿ, ದೀಪ ಹಿಡಿದು ಇಣುಕಿ, ಗ್ರೀಸ್ ಬಳಿದು ಎಳೆದು ನೋಡಿದ. ಕಂಬಿ ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ.

"ಮೂಟೆ ಸರಿಯಾಗಿ ಕಟ್ಟಿರ್ಲಿಲ್ಲ, ಅಷ್ಟೇ ಕಣೇ," ಎಂದ.

"ಮೂಟೆ ಕಟ್ಟಿದ್ದು ನಾನೇ."

"ಅದಕ್ಕೇ ಹೇಳಿದ್ದು."

ಅವಳು ನಗಲಿಲ್ಲ. ಇನ್ನೂ ಎರಡು ಸಲ ಓಡಿಸಿದರು. ಎರಡು ಸಲವೂ ಕಂಬಿ ಹಾಕಿದಲ್ಲೇ ಇತ್ತು. ಇವಾನೋ ಕೈ ಒರೆಸಿಕೊಂಡು ನಿರಾಳವಾದ. ದಿಲ್ವಾಳಿಗೆ ಭಯ ಹತ್ತಿದ್ದೇ ಆಗ. ಪ್ರತಿ ಸಲ ಜಾರುವ ಕಂಬಿಯಾದರೆ ಕಣ್ಣಿಗೆ ಬೀಳುತ್ತದೆ, ಕಿತ್ತುಹಾಕಬಹುದು. ಮೂರರಲ್ಲಿ ಒಂದು ಸಲ ಜಾರುವುದನ್ನು ಏನೆಂದು ಹಿಡಿಯುವುದು? ಹೊಸ ಕೊಕ್ಕೆ ತರಿಸೋಣವೆಂದರೆ ಮಾಡುವವರ ಕಾರ್ಖಾನೆಗೆ ಹಬ್ಬದ ರಜ.

ರಾತ್ರಿ ಊಟಕ್ಕೆ ಕೂತಾಗ ಮಾವನ ಕಿವಿಗೆ ಹಾಕಿದಳು.

"ಮಾವ, ಸೋಮವಾರ ಮೂರನೇ ಗಾಡಿ ಖಾಲಿ ಬಿಡೋಣ. ಸರಪಳಿ ಹಾಕಿ ಮುಚ್ಚಿಬಿಡೋಣ. ಕೊಕ್ಕೆ ಬಂದ ಮೇಲೆ ತೆಗೆದ್ರಾಯ್ತು."

ಎರ್ಮೆಸ್ ಮೆಕ್ಕೆಜೋಳದ ಮುದ್ದೆ ಪೊಲೆಂತಾ ಮುರಿಯುತ್ತಿದ್ದವನು ತಲೆ ಎತ್ತಲಿಲ್ಲ. "ಮನೆಯವರ ಸುತ್ತಿನಲ್ಲಿ ಒಂದು ಗಾಡಿ ಖಾಲಿ. ಊರವರು ಏನಂದ್ಕೋತಾರೆ?"

"ಕೆಟ್ಟಿದೆ ಅಂದ್ಕೋತಾರೆ. ಕೆಟ್ಟಿದೆಯಲ್ಲ."

"ಕೆಟ್ಟಿದೆ ಅಂತ ನಿನ್ನ ಗಂಡ ಹೇಳ್ತಾನಾ?"

ಇವಾನೋ ತಟ್ಟೆ ನೋಡುತ್ತ, "ನನ್ನ ಕೈಗೇನೂ ಸಿಗಲಿಲ್ಲ ಅಪ್ಪ," ಎಂದ.

"ಸರಿ ಹಾಗಾದ್ರೆ. ನಿನಗೆ ಅಷ್ಟು ಅನುಮಾನ ಇದ್ರೆ ಆ ಗಾಡೀಲಿ ನಾನೇ ಕೂರ್ತೀನಿ. ಅಲ್ಬಾನ ಪಕ್ಕದಲ್ಲಿ ಕೂರಿಸ್ಕೋತೀನಿ. ಸಾಕಾ?"

ಎಂಟು ವರ್ಷದ ಅಲ್ಬಾ, ದಿಲ್ವಾಳ ಒಬ್ಬಳೇ ಮಗಳು, ಕುರ್ಚಿಯ ಮೇಲೆಯೇ ಕುಣಿದಳು. ಇದು ಆ ಮನೆಯ ಬುದ್ಧಿ. ಯಾವುದರ ಮೇಲೆ ಅನುಮಾನವೋ ಅದರಲ್ಲಿ ಅತ್ಯಂತ ಪ್ರೀತಿಯ ಜೀವವನ್ನೇ ಕೂರಿಸುವುದು, ಕೂರಿಸಿದ ಮೇಲೆ ಅನುಮಾನವೇ ತಪ್ಪು ಎನ್ನುವುದು. ದಿಲ್ವಾ ತಟ್ಟೆ ಎತ್ತಿದಳು.

ಸೋಮವಾರ ಬಿಸಿಲು ಚೆನ್ನಾಗಿತ್ತು. ಜನ ಬುಟ್ಟಿ ತುಂಬ ಬೇಯಿಸಿದ ಮೊಟ್ಟೆ, ಒಣಮಾಂಸದ ಸಲಾಮೆ, ವೈನ್ ತಂದು ನದಿಯ ಏರಿಯ ಹುಲ್ಲಿನ ಮೇಲೆ ಹಾಸಿಕೊಂಡಿದ್ದರು. ಪಾದ್ರಿ ನೀರು ಚಿಮುಕಿಸಿ ಹೋದರು. ಮನೆಯವರು ಹನ್ನೊಂದು ಜನ ಹತ್ತಿ ಕೂತರು. ಹನ್ನೆರಡನೆಯವನಾಗಿ ಎರ್ಮೆಸ್ ಟೋಪಿ ಬೀಸಿ, ಅಲ್ಬಾಳ ಪಕ್ಕ ತನ್ನ ಭಾರಿ ಮೈಯನ್ನು ಇಳಿಬಿಟ್ಟ.

ದಿಲ್ವಾ ಒಂದನೆಯ ಗಾಡಿ ಹಾಕಿದಳು, ಎರಡನೆಯದು ಹಾಕಿದಳು. ಮೂರನೆಯದರ ಕಂಬಿ ಒತ್ತಿದಳು. ಮೂರು ಟಕ್ ಆಗುವಷ್ಟರಲ್ಲಿ ಮಾವನ ಹೊಟ್ಟೆ ಅಡ್ಡ ಬಂತು. ಅಲ್ಬಾಳ ಸಣ್ಣ ತೊಡೆಗೂ ಕಂಬಿಗೂ ನಡುವೆ ಒಂದು ಗೇಣು ಜಾಗ. ಇದು ಜಾರದಿದ್ದರೂ ಮಗು ಇದರ ಕೆಳಗಿನಿಂದ ನುಸುಳಿ ಹೋದೀತು. ಜಾರಿದರಂತೂ ಮಗುವಿನ ಮೈಮೇಲೆ ಇರುವುದು ಗಾಳಿ ಒಂದೇ.

"ಅಲ್ಬಾ, ಇಳಿ," ಎಂದಳು.

"ಅಮ್ಮಾ, ಯಾಕೆ?"

"ಇಳಿ ಅಂದೆನಲ್ಲ."

ಬೇಲಿಯಾಚೆ ನಿಂತವರು ಕತ್ತು ನೀಳ ಮಾಡಿದರು. ಮಾವನ ಮುಖ ಕೆಂಪೇರುತ್ತಿತ್ತು. ದಿಲ್ವಾ ಎಲ್ಲರಿಗೂ ಕೇಳುವಂತೆ, "ಬೆಳಗ್ಗೆಯಿಂದ ವಾಂತಿ ಮಾಡ್ಕೊಂಡಿದ್ದಾಳೆ. ಅಜ್ಜನ ಹೊಸ ಕೋಟಿಗೆ ಯಾಕೆ ಅಭಿಷೇಕ?" ಎಂದಳು. ಜನ ನಕ್ಕರು. ಅಳುತ್ತಿದ್ದ ಅಲ್ಬಾಳನ್ನು ರಟ್ಟೆ ಹಿಡಿದು ಇಳಿಸಿ, ಖಾಲಿ ಜಾಗದಲ್ಲಿ ತಾನು ಕೂತು ಕಂಬಿ ಒತ್ತಿಕೊಂಡಳು. ಉಳಿದ ಗಾಡಿಗಳ ಕಂಬಿಯನ್ನು ಇವಾನೋ ಗೂಡಿನಿಂದ ಹೊರಬಂದು ತಾನೇ ಹಾಕಿ ಹೋದ.

ಸರಪಳಿ ಗಾಡಿಗಳನ್ನು ಕಟಕಟ ಎಂದು ಹಳಿಯ ಏರಿನ ಮೇಲಕ್ಕೆ ಎಳೆಯಿತು. ತುದಿಯಿಂದ ಕೆಳಗೆ ಬಿದ್ದಾಗ ಏನೂ ಆಗಲಿಲ್ಲ. ಮಾವ ಕಣ್ಣು ಮುಚ್ಚಿ ಹೋ ಎಂದು ಕೂಗುತ್ತಿದ್ದ. ಎರಡನೆಯ ಗುಡ್ಡೆಯ ನೆತ್ತಿಯಲ್ಲಿ ಮೈ ಸೀಟು ಬಿಟ್ಟು ಮೇಲೆದ್ದಿತು, ಅದು ಯಾವಾಗಲೂ ಏಳುತ್ತದೆ, ಜನ ಬರುವುದೇ ಅದಕ್ಕೆ. ತೊಡೆ ಕಂಬಿಗೆ ತಾಗಿತು. ಕಂಬಿ ತಡೆಯಲಿಲ್ಲ. ಅದೂ ಅವಳ ಜೊತೆಗೇ ಮೇಲೆದ್ದಿತು, ಒಂದು ಹಲ್ಲು, ಇನ್ನೊಂದು ಹಲ್ಲು. ಅವಳು ಮುಂದಿನ ತಗಡಿನ ಅಡಿಗೆ ಎರಡೂ ಪಾದ ತೂರಿಸಿ, ಸೀಟಿನ ಅಂಚು ಬಿಗಿಯಾಗಿ ಹಿಡಿದಳು. ಕೆಳಗೆ ಹುಲ್ಲಿನ ಮೇಲಿನ ಬಿಳಿ ಮೇಜುಬಟ್ಟೆಗಳು ಒಂದು ಕ್ಷಣ ಸ್ಪಷ್ಟವಾಗಿ ಕಂಡವು. ಅಲ್ಬಾ ಇಲ್ಲಿ ಕೂತಿದ್ದರೆ ಎಂಬುದನ್ನು ಅವಳ ಮನಸ್ಸು ಪೂರ್ತಿ ಯೋಚಿಸಲು ಬಿಡಲಿಲ್ಲ.

ನಿಲ್ದಾಣ ಹತ್ತಿರ ಬಂದಾಗ ಅವಳ ಕೈ ತಾನಾಗಿ ಕಂಬಿಯನ್ನು ಮತ್ತೆ ಕೆಳಕ್ಕೆ ಒತ್ತಿತು. ಟಕ್, ಟಕ್. ಹನ್ನೊಂದು ವರ್ಷದ ಅಭ್ಯಾಸ, ಗಾಡಿ ಒಳಗೆ ಬರುವಾಗ ಕಂಬಿ ಕೆಳಗಿರಬೇಕು. ಆಮೇಲೆ ಜನರ ಮುಖಗಳು ಬಂದವು. ಅವಳು ನಕ್ಕಳು. ಹಲ್ಲು ಕಾಣುವಂತೆ, ಕೈ ಬೀಸುತ್ತ ನಕ್ಕಳು.

ಚಪ್ಪಾಳೆಯ ನಡುವೆ ಮಾವನ ತೋಳು ಹಿಡಿದು ಪಕ್ಕಕ್ಕೆ ಕರೆದಳು. "ಜಾರ್ತು ಮಾವ. ಎರಡು ಹಲ್ಲು. ನಿಮಗೆ ಗೊತ್ತಾಗ್ಲಿಲ್ವಾ?"

"ನನಗೇನೂ ಗೊತ್ತಾಗ್ಲಿಲ್ಲ. ಬರುವಾಗ ಕಂಬಿ ಹೊಟ್ಟೆ ಮೇಲೇ ಇತ್ತಲ್ಲ."

"ನಾನು ಒತ್ತಿದ್ದು."

ಎರ್ಮೆಸ್ ಅವಳನ್ನು ದಿಟ್ಟಿಸಿದ. ಒಂದು ಗಳಿಗೆ ಅವನ ಕಣ್ಣಿನಲ್ಲೂ ಏನೋ ಅಳುಕು ಸುಳಿಯಿತು. ಆದರೆ ಟಿಕೆಟ್ ಕಿಟಕಿಯಿಂದ ಏರಿಯ ತನಕ ಸಾಲು ನಿಂತಿತ್ತು, ಅವನು ಅದನ್ನೂ ನೋಡಿದ. "ಜಾರಿದ್ರೆ ನಕ್ಕೊಂಡು ಯಾಕಮ್ಮ ಇಳಿದೆ? ಊರಿಡೀ ನೋಡಿದೆ ನಿನ್ನ ನಗು. ಈಗ ಹೋಗಿ ಗಾಡಿ ಮುಚ್ಚು ಅಂದ್ರೆ ಹೇಗೆ ಮುಚ್ಚೋದು? ಊಟದ ಹೊತ್ತಿಗೆ ಬಿಡುವು ಆಗುತ್ತಲ್ಲ, ಆಗ ನೋಡೋಣ. ಇನ್ನೊಂದು ಗಂಟೆ ಅಷ್ಟೇ."

ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಾದಳು ದಿಲ್ವಾ. ಬಾಯಿ ಬಿಟ್ಟು ಹೇಳಬಹುದಿತ್ತು, ಅಲ್ಲೇ, ಆಗಲೇ. ಹೇಳಿದರೆ ಆ ನಗು ಸುಳ್ಳಾಗುತ್ತದೆ, ವಾಂತಿಯ ಮಾತು ಸುಳ್ಳಾಗುತ್ತದೆ, ಮನೆಯ ನಲವತ್ತು ವರ್ಷ ಸುಳ್ಳಾಗುತ್ತದೆ. ಒಂದು ಗಂಟೆ ತಾನೇ ಎಂದು ತನಗೆ ತಾನೇ ಹೇಳಿಕೊಂಡಳು. ಮೂರನೆಯ ಗಾಡಿಗೆ ಗಟ್ಟಿ ಮೈಯ ಗಂಡಸರನ್ನು ಕೂರಿಸಿದರಾಯಿತು ಎಂದುಕೊಂಡಳು. ನಾಚಿಕೆಗೇಡಿನ ಲೆಕ್ಕಾಚಾರ ಎಂದು ಅವಳಿಗೇ ಗೊತ್ತಿತ್ತು.

ಗೇಟು ತೆಗೆದದ್ದೇ ತಡ, ಜನ ನುಗ್ಗಿದರು. ಬೇಕರಿಯ ಓರ್ನೆಲ್ಲಾ ತನ್ನ ಮಗಳು ತೆಯಾಳ ಕೈ ಹಿಡಿದು ಎಲ್ಲರನ್ನೂ ಸೀಳಿಕೊಂಡು ಬಂದು ಮೂರನೆಯ ಗಾಡಿಯಲ್ಲಿ ಕೂತೇಬಿಟ್ಟಳು. ತೆಯಾ ಮತ್ತು ಅಲ್ಬಾ ಒಂದೇ ತರಗತಿ, ಒಂದೇ ಬೆಂಚು. ದಿಲ್ವಾ ದಿನಾ ಬೆಳಗ್ಗೆ ಬ್ರೆಡ್ ತರುವುದು ಓರ್ನೆಲ್ಲಾಳ ಕೈಯಿಂದಲೇ.

"ಓರ್ನೆಲ್ಲಾ, ಹಿಂದಿನ ಗಾಡೀಲಿ ಕೂತ್ಕೋ. ಅಲ್ಲಿ ಮಜಾ ಜಾಸ್ತಿ," ಎಂದಳು ದಿಲ್ವಾ.

"ಹೋಗೇ, ನಮಗೆ ನೀನು ಕೂತಿದ್ದ ಗಾಡೀನೇ ಬೇಕು. ನನಗೆ ಇದಂದ್ರೆ ಮೊದಲಿಂದ ಭಯ, ಈ ಪುಟ್ಟಿ ಬಿಡ್ತಿಲ್ಲ. ನೀನು ಕೂತು ನಗ್ತಾ ಬಂದೆಯಲ್ಲ, ಧೈರ್ಯ ಬಂತು ನೋಡು."

ಹಿಂದಿನ ಗಾಡಿಗಳೆಲ್ಲ ಅಷ್ಟರಲ್ಲಿ ತುಂಬಿದ್ದವು. ಸಾಲಿನಲ್ಲಿದ್ದವರು ಬೇಗ ಬೇಗ ಎಂದು ಗೊಣಗುತ್ತಿದ್ದರು. ಗೂಡಿನಿಂದ ಇವಾನೋ, ಕಟಕಟೆಯಿಂದ ಮಾವ, ಇಬ್ಬರೂ ಅವಳನ್ನೇ ನೋಡುತ್ತಿದ್ದರು. ಅವಳು ಕಂಬಿ ಒತ್ತಿದಳು. ಇಬ್ಬರೂ ಸಣಕಲು, ಆರು ಟಕ್ ಕೇಳಿಸಿತು. ಎರಡೂ ಕೈ ಹಾಕಿ, ಹೆಗಲು ಕೊಟ್ಟು ಮೇಲಕ್ಕೆ ಎಳೆದಳು. ಅಲ್ಲಾಡಲಿಲ್ಲ. ಇನ್ನೊಮ್ಮೆ ಎಳೆದಳು.

"ನನ್ನ ಕಿತ್ತು ಹೊರಗೆ ಹಾಕ್ತೀಯಾ ಹೇಗೆ?" ಎಂದು ಓರ್ನೆಲ್ಲಾ ನಕ್ಕಳು.

ದಿಲ್ವಾ ಹಿಂದಕ್ಕೆ ಸರಿದು ನಿಂತಳು. ಹೆಬ್ಬೆರಳು ಎತ್ತಿದಳು.

ಗಾಡಿಗಳು ಹೊರಟವು. ಸರಪಳಿ ಗಾಡಿಯ ಅಡಿಗೆ ಸಿಕ್ಕಿ ಕಟಕಟ ಶುರುವಾಯಿತು. ತೆಯಾಳ ಜಡೆ ಸೀಟಿನ ಬೆನ್ನಿನ ಮೇಲಿಂದ ಕಾಣುತ್ತಿತ್ತು. ತನ್ನ ತೊಡೆಯ ಜೊತೆಗೆ ಆ ಕಬ್ಬಿಣ ಎಷ್ಟು ಹಗುರಾಗಿ ಮೇಲೆ ಬಂದಿತ್ತು ಎಂಬುದು ದಿಲ್ವಾಳ ಚರ್ಮಕ್ಕೆ ನೆನಪಿತ್ತು. ತೆಯಾಳಿಗೆ ತಗಡಿನ ಅಡಿಗೆ ಪಾದ ತೂರಿಸುವುದು ಗೊತ್ತಿಲ್ಲ. ಅವಳ ಪಾದ ಅಲ್ಲಿಯ ತನಕ ಎಟುಕುವುದೂ ಇಲ್ಲ.

ದಿಲ್ವಾ ಓಡಿದಳು. ಮಾವ ಏನೋ ಕೂಗಿದ್ದು ಕೇಳಲಿಲ್ಲ. ಗೂಡಿನ ಬಾಗಿಲು ತಳ್ಳಿ, ಇವಾನೋನನ್ನು ಕುರ್ಚಿಸಮೇತ ಪಕ್ಕಕ್ಕೆ ನೂಕಿ, ಕೆಂಪು ಗುಂಡಿಯನ್ನು ಅಂಗೈಯಿಂದ ಗುದ್ದಿದಳು. ಕಟಕಟ ನಿಂತಿತು. ಮೊದಲ ಗಾಡಿಯ ಮೂತಿ ಏರಿನ ತುದಿಗೆ ಒಂದಾಳುದ್ದ ಕೆಳಗೆ ನಿಂತಿತ್ತು. ಏರಿಯ ಮೇಲಿನ ಮಾತು, ನಗು ಎಲ್ಲ ಒಮ್ಮೆಗೇ ಅಡಗಿ, ನದಿಯ ಕಡೆಯಿಂದ ಯಾರದೋ ನಾಯಿ ಬೊಗಳುವುದು ಕೇಳಿಸಿತು.

ಇವಾನೋ ಬೀಗದ ಕೈ ಹಿಡಿದು ಹಳಿಯ ಪಕ್ಕದ ಮೆಟ್ಟಿಲು ಹತ್ತಿದ. ಮೊದಲ ಗಾಡಿಯ ಕಂಬಿಗೆ ಕೀಲಿ ಹಾಕಿ ಬಿಡಿಸಿ ಇಬ್ಬರನ್ನು ಇಳಿಸಿದ. ಎರಡನೆಯದಕ್ಕೂ ಹಾಗೆಯೇ. ಮೂರನೆಯದರ ಹತ್ತಿರ ಬಂದು, ಕೀಲಿ ಹಾಕುವ ಮುಂಚೆ, ಸುಮ್ಮನೆ ಕಂಬಿ ಹಿಡಿದು ಎಳೆದ. ಕಂಬಿ ಅವನ ಕೈಯ ಜೊತೆ ಪೂರ್ತಿ ಮೇಲೆ ಬಂತು. ಅವನು ಅದನ್ನು ಹಿಡಿದುಕೊಂಡೇ ನಿಂತ. ಎಷ್ಟು ಹೊತ್ತು ನಿಂತನೆಂದರೆ ಕೆಳಗಿದ್ದ ಎಲ್ಲರೂ ನೋಡಿದರು. ಎರ್ಮೆಸ್ ಟೋಪಿ ತೆಗೆದು ಕೈಯಲ್ಲಿ ಹಿಡಿದ. ಬೀಸುವುದಕ್ಕಲ್ಲ.

ಓರ್ನೆಲ್ಲಾ ಮೆಟ್ಟಿಲು ಇಳಿದು ಬಂದಳು. ಒಂದು ಕೈ ಕಟಕಟೆಯ ಮೇಲೆ, ಇನ್ನೊಂದು ತೆಯಾಳ ರಟ್ಟೆಯ ಮೇಲೆ. ದಿಲ್ವಾ ಅವಳ ಎದುರು ಹೋದಳು. ಸದ್ಯ ಬದುಕಿದರು ಎಂದು ತಬ್ಬಿಕೊಳ್ಳಬೇಕು ಅನ್ನಿಸಿತ್ತು, ಕೈಯೂ ಚಾಚಿದ್ದಳು.

ಓರ್ನೆಲ್ಲಾ ಆ ಕೈಯನ್ನು ನೋಡಲಿಲ್ಲ. ಬೇಲಿಯ ಹತ್ತಿರ ನಿಂತು ಮೊಟ್ಟೆ ಸುಲಿಯುತ್ತಿದ್ದ ಅಲ್ಬಾಳನ್ನು ನೋಡಿದಳು.

"ಇವಳಿಗೆ ವಾಂತಿ ಗೀಂತಿ ಏನೂ ಇರ್ಲಿಲ್ಲ, ಅಲ್ವಾ?"

ದಿಲ್ವಾ ಚಾಚಿದ್ದ ಕೈ ಇಳಿಸಿದಳು.

"ಗೊತ್ತಿತ್ತು ನಿನಗೆ. ನಿನ್ನ ಮಗಳನ್ನ ಇಳಿಸ್ಕೊಂಡೆ. ನನ್ನ ಮಗಳಿಗೆ ನಿನ್ನ ಕೈಯಾರೆ ಕಂಬಿ ಹಾಕ್ದೆ."

"ನಿಲ್ಲಿಸಿದ್ನಲ್ಲ ಓರ್ನೆಲ್ಲಾ. ನಾನೇ ಓಡಿಹೋಗಿ ನಿಲ್ಲಿಸ್ದೆ."

"ಹೂಂ, ನಿಲ್ಲಿಸ್ದೆ. ಕಳಿಸಿದ್ದು ಯಾರು?"

ಅವಳ ದನಿ ಏರಿರಲಿಲ್ಲ. ಅಂಗಡಿಯಲ್ಲಿ ಇವತ್ತು ಯಾವ ಬ್ರೆಡ್ ಬೇಕು ಎಂದು ಕೇಳುವಾಗ ಇರುತ್ತಿದ್ದ ದನಿಯೇ. ತೆಯಾಳ ಕೋಟಿನ ಗುಂಡಿಗಳನ್ನು ಕೆಳಗಿನಿಂದ ಕತ್ತಿನ ತನಕ ಒಂದೊಂದೇ ಹಾಕಿ, ಅವಳನ್ನು ಕರೆದುಕೊಂಡು ಗೇಟಿನ ಕಡೆ ನಡೆದಳು. ಸಾಲಿನಲ್ಲಿ ನಿಂತಿದ್ದವರು ಅವರಿಬ್ಬರಿಗೆ ದಾರಿ ಬಿಟ್ಟರು, ಆಮೇಲೆ ಬುಟ್ಟಿಗಳನ್ನು ಎತ್ತಿಕೊಂಡು ಅವರೂ ಹಿಂದೆಯೇ ಹೊರಟರು.