ಬಿಸಿಲಿನ ಮೇಲೆ ತಪ್ಪು ಹೊರಿಸಿದ ಕರ್ನಲ್

ಕರ್ನಲ್ ವೆಂಡೆಲ್ ಹಾರ್ಗ್ರೋವ್ ತಮ್ಮ ಹಳೆಯ ಪಿಕಪ್ ಟ್ರಕ್ಕನ್ನು ಹತ್ತುವ ಮೊದಲು ಅದಕ್ಕೊಂದು ಪ್ರದಕ್ಷಿಣೆ ಹಾಕುತ್ತಿದ್ದರು. ತಗಡಿನ ಮೇಲೆ ಅಂಗೈ ಸವರುತ್ತ, ಬೂಟಿನ ತುದಿಯಿಂದ ಚಕ್ರಗಳನ್ನು ತಟ್ಟುತ್ತ, ಬಗ್ಗಿ ಅಡಿಯನ್ನು ಇಣುಕುತ್ತ, ಹಾಲು ತರಲು ಹೊರಟಾಗಲೂ ಯುದ್ಧಕ್ಕೆ ಹೊರಟವರ ಗಾಂಭೀರ್ಯದಿಂದಲೇ ಆ ಸುತ್ತನ್ನು ಪೂರೈಸುತ್ತಿದ್ದರು. ಅಲಮೊಗೋರ್ಡೊ ಊರಿನಲ್ಲಿ ನಲವತ್ತು ವರ್ಷ ಅವರ ಪಕ್ಕದ ಮನೆಯಲ್ಲಿದ್ದ ನನಗೆ ಅದು ಬೆಳಗಿನ ಕಾಫಿಯಷ್ಟೇ ಖಚಿತವಾದ ಸಂಗತಿ.

ಎಪ್ಪತ್ತೊಂಬತ್ತರ ಪ್ರಾಯ, ಕುಳ್ಳ ದೇಹ, ನೆಟ್ಟಗಿನ ಬೆನ್ನು, ಮೊಣಕೈ ಸವೆದ ಚರ್ಮದ ಜಾಕೆಟ್ಟು. ವಾಯುಪಡೆಯಲ್ಲಿ ಅವರ ಜೊತೆ ಯುದ್ಧವಿಮಾನ ಹಾರಿಸಿದ ಗೆಳೆಯರು ಅವರನ್ನು ಇಂದಿಗೂ 'ಬೇಲಿ' ಎಂದೇ ಕರೆಯುತ್ತಾರೆ. ಹೊಸದರಲ್ಲೊಮ್ಮೆ ರನ್‌ವೇ ಮುಗಿದರೂ ನಿಲ್ಲಲಾಗದೆ ವಿಮಾನವನ್ನು ಬೇಲಿಗೆ ಸಿಕ್ಕಿಸಿದ್ದರಂತೆ. ಮಾಡಿದ ತಪ್ಪನ್ನೇ ಹೆಸರಾಗಿ ಇಡುವ ಜನ ಅವರು.

ಹಾರಾಟ ಮುಗಿದ ಮೇಲೆ ಪೈಲಟ್‌ಗಳೆಲ್ಲ ಮೇಜಿನ ಸುತ್ತ ಕುಳಿತು, ಹುದ್ದೆಯನ್ನು ಬಾಗಿಲಾಚೆ ಬಿಟ್ಟು, ತಂತಮ್ಮ ತಪ್ಪನ್ನು ತಾವೇ ಮೊದಲು ಹೇಳಿಕೊಳ್ಳುವ ಪದ್ಧತಿಯಿದೆ. ಕರ್ನಲ್ ಅದನ್ನು ಮನೆಗೂ ತಂದಿದ್ದರು. ಹೆಂಡತಿ ಆರ್ಲೀನ್ ಟರ್ಕಿ ಕೋಳಿಯನ್ನು ಸೀಯಿಸಿದರೂ ವಿಚಾರಣೆ, ಮಗಳು ಪೆಗ್ಗಿ ಗಣಿತದಲ್ಲಿ ನಪಾಸಾದರೂ ವಿಚಾರಣೆ. ಹವಾಮಾನವನ್ನು ದೂರುವಂತಿಲ್ಲ ಎಂಬುದೊಂದೇ ನಿಯಮ. "ಟೀಚರ್ ಕಷ್ಟದ ಲೆಕ್ಕ ಕೊಟ್ರು" ಎಂದು ಪೆಗ್ಗಿ ಅತ್ತರೆ, "ಅದು ಹವಾಮಾನ. ನೀನೇನ್ ಮಾಡ್ದೆ, ಅದನ್ನ ಹೇಳು" ಎನ್ನುತ್ತಿದ್ದರು. ಎಂಟು ವರ್ಷದ ಮಗುವಿಗೆ ಇದು ಅತಿಯಾಯಿತೆಂದು ನನಗೆ ಸಿಟ್ಟೇ ಬರುತ್ತಿತ್ತು.

ಕಳೆದ ಮಾರ್ಚಿನಲ್ಲಿ, ಪೆಗ್ಗಿಯ ಮಗಳು ಜೂನಿಯನ್ನು ಶಾಲೆಯಿಂದ ಕರೆತರುವಾಗ, 'ನಿಲ್ಲಿ' ಎಂಬ ಬೋರ್ಡಿದ್ದ ಅಡ್ಡರಸ್ತೆಯಲ್ಲಿ ಕರ್ನಲ್ ನಿಲ್ಲದೆ ನುಗ್ಗಿದರು. ಎದುರಾದ ಲಾರಿ ಕೂದಲೆಳೆಯಲ್ಲಿ ತಪ್ಪಿತು. ಅವರ ದೃಷ್ಟಿಯ ಬಗ್ಗೆ ಎಲ್ಲರಿಗೂ ಅನುಮಾನವಿತ್ತು. ಕೀಲಿ ಕೊಡಿ ಎನ್ನುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ. ಆ ಭಾನುವಾರ ಮಧ್ಯಾಹ್ನ ಅವರ ಮನೆಯ ಊಟಕ್ಕೆ ನಾನೂ ಇದ್ದೆ.

"ಇಳಿಬಿಸಿಲು ಕಣ್ಣಿಗೇ ಹೊಡೀತಿತ್ತು," ಎಂದರು ಕರ್ನಲ್, ಯಾರೂ ಕೇಳುವ ಮೊದಲೇ. "ಆ ಬೋರ್ಡನ್ನೂ ಮರದ ಮರೇಲಿ ನೆಟ್ಟಿದಾರೆ."

ಆರ್ಲೀನ್ ಆಲೂಗಡ್ಡೆ ಬಡಿಸುವುದನ್ನು ನಿಲ್ಲಿಸಲಿಲ್ಲ. "ಅದು ಹವಾಮಾನ, ವೆಂಡೆಲ್. ನೀನೇನ್ ಮಾಡ್ದೆ, ಅದನ್ನ ಹೇಳು."

ಐವತ್ತು ವರ್ಷದ ದಾಂಪತ್ಯದಲ್ಲಿ ಆಕೆ ಆ ಮಾತನ್ನು ಗಂಡನತ್ತ ತಿರುಗಿಸಿದ್ದು ಅದೇ ಮೊದಲು. ಕರ್ನಲ್ಲರ ಮುಖ ಕೆಂಪಾಯಿತು. ಎದ್ದು ಹೋಗುತ್ತಾರೆಂದುಕೊಂಡೆ. ಅವರು ಫೋರ್ಕನ್ನು ಕೆಳಗಿಟ್ಟು, ವರದಿ ಒಪ್ಪಿಸುವವರ ಬಣ್ಣವಿಲ್ಲದ ದನಿಯಲ್ಲಿ ಹೇಳಿದರು:

"ಬಲಗಣ್ಣಿನ ನಡುಮಧ್ಯ ಏನೂ ಕಾಣ್ಸಲ್ಲ. ನವೆಂಬರಿಂದ. ಓಡಿಸ್ಬೇಡಿ ಅಂತ ಡಾಕ್ಟ್ರು ಅಂದಿದ್ರು, ನಿಮಗೆ ಹೇಳ್ಲಿಲ್ಲ. ಗೊತ್ತಿದ್ದೂ ಮಗೂನ ಕೂರಿಸ್ಕೊಂಡೆ."

ಪೆಗ್ಗಿ ಬಾಯಿಗೆ ಕೈ ಅಡ್ಡ ಹಿಡಿದಳು. ಆಗ ಒಂಬತ್ತು ವರ್ಷದ ಜೂನಿ, ತಟ್ಟೆಯನ್ನೇ ನೋಡುತ್ತ, "ನಂಗೆ ಬೋರ್ಡು ಕಾಣ್ತು ತಾತ. ನಾನು ಕೂಗ್ಲಿಲ್ಲ," ಎಂದಳು.

ಅಲ್ಲಿಯತನಕ ಕಲ್ಲಿನಂತೆ ಕುಳಿತಿದ್ದ ಮುದುಕರು ಮೊಮ್ಮಗಳತ್ತ ತಿರುಗಿದರು. "ಅದು ನಿನ್ ಕೆಲ್ಸ ಅಲ್ಲ ಕಂದಾ," ಎನ್ನುತ್ತ ಜಾಕೆಟ್ಟಿನಿಂದ ಕೀಲಿ ತೆಗೆದು ಆರ್ಲೀನಳ ಮುಂದಿಟ್ಟರು.

ಶಬ್ದವನ್ನೂ ಹಿಂದಿಕ್ಕಿ ಹಾರಿದವರ ಶೌರ್ಯವನ್ನು ಲೋಕ ಕೊಂಡಾಡುತ್ತದೆ. ಸಾವಿಗೆ ಅಂಜದ ಆ ಜಾತಿಯ ಜನ ನೆಲದ ಮೇಲೆ ಉಳಿದುಬಿಡುವುದಕ್ಕೆ ಮಾತ್ರ ಬಹಳ ಅಂಜುತ್ತಾರೆ, ಅದಕ್ಕಾಗಿ ತಮ್ಮವರಿಗೂ ಸುಳ್ಳು ಹೇಳುತ್ತಾರೆ. ಅವರನ್ನು ಇಳಿಸಲು ಸೇನಾಧಿಪತಿಯ ಆಜ್ಞೆಯೂ ಸಾಲದು. ತಾತನ ತಪ್ಪಿನಲ್ಲಿ ತನ್ನದೂ ಒಂದು ಪಾಲಿದೆಯೆಂದು ನಂಬಿಬಿಟ್ಟ ಮಗುವೊಂದು ಎದುರಿಗೆ ಕೂತಿರಬೇಕು.