ಮಂಗಳಾರತಿಯ ಹೊತ್ತಿಗೆ ಬಂದ ಸ್ಲೈಡು

೧೯೭೭ರ ಫೆಬ್ರವರಿಯ ಒಂದು ಗುರುವಾರ. ಆವತಿಯ ಹನುಮಂತರಾಯಪ್ಪ ಮೇಷ್ಟ್ರು ಸ್ನಾನ ಮುಗಿಸಿ ದೇವರ ಮುಂದೆ ಕೂತಿದ್ದರು. ಪಕ್ಕದ ಮನೆಯ ಪಾಪಕ್ಕ ಹೊಸಿಲಾಚೆಯೇ ನಿಂತು, "ಮೇಷ್ಟ್ರೇ, ಬೈಲಪ್ಪಣ್ಣ ಹೋಗ್ಬಿಟ್ರಂತೆ. ಬೆಳಿಗ್ಗೆ ಎಬ್ಬಿಸಿದ್ರೆ ಎದ್ದೇ ಇಲ್ಲವಂತೆ" ಎಂದಳು. ಮೇಷ್ಟ್ರ ಕೈಯಲ್ಲಿದ್ದ ತುಳಸಿ ಕೈಯಲ್ಲೇ ಉಳಿಯಿತು. ಪೂಜೆ ಅರ್ಧಕ್ಕೆ ನಿಲ್ಲಬಾರದೆಂದು ಹೇಗೋ ಮುಗಿಸಿದರು; ಬಾಯಲ್ಲಿ ಯಾವ ಮಂತ್ರ ಬಂತೋ ಅವರಿಗೇ ತಿಳಿಯಲಿಲ್ಲ.

ಬೈಲಪ್ಪ ಊರಾಚೆಯ ಟೆಂಟ್ ಸಿನಿಮಾದಲ್ಲಿ ಹನ್ನೆರಡು ವರ್ಷ ರೀಲು ಓಡಿಸಿದವನು. ದೇವರ ಚಿತ್ರ ಬಂದರೆ ಮೊದಲ ರೀಲಿಗೆ ಮುಂಚೆ ಪರದೆಗೆ ಮಂಗಳಾರತಿ ಆಗಲೇಬೇಕು. ಅವನ ಹೆಂಡತಿ ಗಂಗಲಕ್ಷ್ಮಮ್ಮ ಕರ್ಪೂರ ಬೆಳಗುವಳು. ನೆಲದವರು, ಬೆಂಚಿನವರು, ಕುರ್ಚಿಯವರು ಎಲ್ಲರೂ ಎದ್ದು ಕೈಮುಗಿಯುವರು.

ಭಾನುವಾರ ಮಧ್ಯಾಹ್ನ ಅವನು ರೀಲು ಸುತ್ತುತ್ತಾ ಕೂತರೆ ಮೇಷ್ಟ್ರು ಜೊತೆಗಿರುತ್ತಿದ್ದರು.

"ಮೇಷ್ಟ್ರೇ, ವಾರ್ತಾಚಿತ್ರ ಗಮನ ಇಟ್ಟು ನೋಡಿದ್ರಾ? ಆಗೆಲ್ಲ ಅಣೆಕಟ್ಟು ಪರದೆ ತುಂಬ ಇರ್ತಿತ್ತು, ಮುಂದಾಳು ಮೂಲೇಲಿ ಇಷ್ಟೇ ಇಷ್ಟು. ಈಗ ಮುಂದಾಳೇ ಪರದೆ ತುಂಬ ಅವ್ನೆ, ಅಣೆಕಟ್ಟು ಎಲ್ಲೈತೆ ಅಂತ ಹುಡುಕ್ಬೇಕು."

"ಲೇ, ಮೆಲ್ಲಗೆ ಮಾತಾಡೋ."

"ರಾಜರ ಸಿನಿಮಾ ನೋಡಿ. ತಪ್ಪು ತೀರ್ಪು ಕೊಟ್ಟೆ ಅಂತ ಗೊತ್ತಾದ್ರೆ ರಾಜ ಕಿರೀಟ ತೆಗೆದಿಟ್ಟು ಕೆಳಗಿಳೀತಾನೆ. ನಮ್ಮೋರು ಕುರ್ಚಿ ಸಿಕ್ರೆ ಸ್ನಾನಕ್ಕೂ ಇಳಿಯಲ್ಲ. ಈ ಊರ ಗೌಡರು ಇಲ್ಲಿಂದ ಹೋಗಿ ದೇವನಹಳ್ಳೀಲಿ ಕೋಟೆ ಕಟ್ಟಿದ್ರು ಅಂತ ನೀವೇ ಪಾಠ ಹೇಳ್ತೀರಿ. ಈಗಿನೋರಿಗೆ ಕೋಟೆ ಯಾಕೆ, ಪರದೆ ಹತ್ತಿದ್ರೆ ಸಾಕು."

ಎಪ್ಪತ್ತೆರಡರ ಚುನಾವಣೆಯಲ್ಲಿ ಅದು ನಿಜವೇ ಆಯಿತು. ಆ ಭಾಗದ ಮುಂದಾಳು ಆದಿನಾರಾಯಣಪ್ಪ ತನ್ನ ಮುಖವಿದ್ದ ಗಾಜಿನ ಸ್ಲೈಡೊಂದನ್ನು ಟೆಂಟಿನ ಮಾಲೀಕನಿಗೆ ಕೊಟ್ಟು, ಜನ ಕೈಮುಗಿದು ನಿಂತಾಗಲೇ ತೋರಿಸಬೇಕೆಂದಿದ್ದ. ಮಾಲೀಕ ಬೈಲಪ್ಪನಿಗೆ ಒಂದು ಮಾತೂ ಹೇಳದೆ ತಾನೇ ಸ್ಲೈಡು ತೂರಿಸಿದ. ಕರ್ಪೂರ ಉರಿಯುತ್ತಿತ್ತು, ಪರದೆಯ ಮೇಲೆ ಆದಿನಾರಾಯಣಪ್ಪನ ತಿರುವಿದ ಮೀಸೆಯ ಮುಖ ನಗುತ್ತಿತ್ತು. ಕಣ್ಣು ಮಂಜಾಗಿದ್ದ ಅಮ್ಮಯಮ್ಮಜ್ಜಿ ಕೆನ್ನೆ ಬಡಿದುಕೊಂಡು, "ಕಾಪಾಡಪ್ಪಾ ಸ್ವಾಮೀ" ಎಂದಳು.

ಬೈಲಪ್ಪ ಪಟ್ಟನೆ ಯಂತ್ರದ ದೀಪ ಆರಿಸಿದ. ಟೆಂಟೆಲ್ಲ ಕತ್ತಲು; ಬಿಳಿ ಪರದೆಯ ಮುಂದೆ ಕರ್ಪೂರವೊಂದೇ. ರೀಲು ಓಡಿಸುವ ಗೂಡಿನಿಂದ ಅವನ ದನಿ ಕೇಳಿಸಿತು: "ನಿಲ್ಲಿಸ್ಬೇಡ ಕಣೇ ಗಂಗೂ, ಬೆಳಗು. ಇದು ದೇವ್ರಿಗೆ. ಅವರ ಪಟ ಮಧ್ಯಂತರದಲ್ಲಿ ಹಾಕ್ತೀನಿ."

ಮಧ್ಯಂತರದಲ್ಲಿ ಹಾಕಿಯೂ ಹಾಕಿದ. ಜನ ಕಡಲೆಕಾಯಿ ಸುಲಿಯುತ್ತಾ ನೋಡಿದರು.

ತಿಂಗಳೊಳಗೆ ಒಂದು ಮಹಜರು ತಯಾರಾಯಿತು. ಟೆಂಟಿನೊಳಗೆ ಕರ್ಪೂರ ಉರಿಸುತ್ತಾರೆ, ಜನರ ಪ್ರಾಣಕ್ಕೆ ಅಪಾಯ ಎಂದು ಅದರಲ್ಲಿ ಬರೆದಿತ್ತು. ಊರಿನ ಸಾಕ್ಷಿಯಾಗಿ ರುಜು ಹಾಕಿದವರು ಹನುಮಂತರಾಯಪ್ಪ ಮೇಷ್ಟ್ರು. ಹಾಕದಿದ್ದರೆ ದೂರದ ಊರಿಗೆ ವರ್ಗ ಎಂದು ಆದಿನಾರಾಯಣಪ್ಪನ ಕಡೆಯವರು ಹೇಳಿಕಳಿಸಿದ್ದರು. ಪರವಾನಗಿ ರದ್ದಾಗಿ ಟೆಂಟು ಎದ್ದುಹೋಯಿತು. ಬೈಲಪ್ಪ ಹಿಪ್ಪುನೇರಳೆ ಬೆಳೆಸಿ ರೇಷ್ಮೆಹುಳು ಸಾಕಿದ. ಐದು ವರ್ಷ ಎಂದಿನಂತೆ ಮೇಷ್ಟ್ರ ಜಗಲಿಗೆ ಬಂದು ಕೂತ. ಆ ರುಜುವಿನ ಮಾತು ಅವನು ಎತ್ತಲಿಲ್ಲ. ಇವರಿಗೆ ಬಾಯಿ ಬರಲಿಲ್ಲ. ಅಷ್ಟರಲ್ಲಿ ಹೋಗಿಬಿಟ್ಟ.

ಮೇಷ್ಟ್ರು ಸಾವಿನ ಮನೆ ಸೇರುವ ಹೊತ್ತಿಗೆ ಆದಿನಾರಾಯಣಪ್ಪನ ಜೀಪೂ ಬಂತು. ಮತ್ತೆ ಚುನಾವಣೆ ಬಂದಿತ್ತು. ಆಳುದ್ದದ ಹಾರ, ಹಿಂದೆ ಫೋಟೋದವನು.

"ಮೇಷ್ಟ್ರೇ, ಎರಡು ಮಾತಾಡಿ. ಬೈಲಪ್ಪ ಕಡೇವರ್ಗೂ ನಮ್ಮ ಜೊತೇಲೇ ಇದ್ದ ಅನ್ನಿ. ನೀವು ಹೇಳಿದ್ರೆ ಜನ ನಂಬ್ತಾರೆ." ಆಮೇಲೆ ದನಿ ತಗ್ಗಿಸಿ, "ಕಾಲ ಸರಿಯಿಲ್ಲ, ನೋಡ್ಕೊಂಡು ಮಾತಾಡಿ" ಎಂದ.

ತುರ್ತು ಪರಿಸ್ಥಿತಿ ಇನ್ನೂ ಮುಗಿದಿರಲಿಲ್ಲ; ಮಾತಾಡಿದವರು ಆ ದಿನಗಳಲ್ಲಿ ಎಲ್ಲಿಗೆ ಹೋಗುತ್ತಿದ್ದರೆಂದು ಊರಿಗೆಲ್ಲ ಗೊತ್ತಿತ್ತು. ಮೇಷ್ಟ್ರು ಅಂಗಳದಲ್ಲಿ ಮಲಗಿಸಿದ್ದ ಗೆಳೆಯನ ಮುಖ ನೋಡಿದರು. ಇವತ್ತೂ ಸುಳ್ಳು ಹೇಳಿದರೆ ಇನ್ನು ತಿದ್ದಿಕೊಳ್ಳಲು ದಿನವೇ ಇಲ್ಲ.

"ಇವ್ನು ಯಾರ ಜೊತೇಲೂ ಇರ್ಲಿಲ್ಲ" ಎಂದರು. ಮೊದಲು ದನಿ ಸಣ್ಣಗಿತ್ತು, ಆಮೇಲೆ ಪಾಠ ಹೇಳುವಷ್ಟು ದೊಡ್ಡದಾಯಿತು. "ದೇವ್ರಿಗೆ ಸಲ್ಲಬೇಕಾದ್ದನ್ನ ಮನುಷ್ಯನಿಗೆ ಕೊಡಲ್ಲ ಅಂದ. ಅದಕ್ಕೇ ಇವನು ರೀಲು ಓಡಿಸ್ತಿದ್ದ ಟೆಂಟು ಹೋಯ್ತು. ಕರ್ಪೂರದಿಂದ ಅಪಾಯ ಅಂತ ಬರೆದ ಕಾಗದಕ್ಕೆ ರುಜು ಹಾಕಿದೋನು ನಾನು. ಸುಳ್ಳು ಅಂತ ಗೊತ್ತಿದ್ದೂ ಹಾಕ್ದೆ. ಇವನ ಎದುರೇ ಒಪ್ಕೊಳ್ತಿದೀನಿ."

ಗಂಗಲಕ್ಷ್ಮಮ್ಮ ತಲೆಯೆತ್ತಿದಳು.

"ಅವ್ರಿಗೆ ಗೊತ್ತಿತ್ತು ಮೇಷ್ಟ್ರೇ. 'ಒಂದಿನ ಅವರೇ ಹೇಳ್ತಾರೆ, ನಾನು ಕೇಳಿ ಅವ್ರನ್ನ ಚಿಕ್ಕೋರು ಮಾಡಲ್ಲ' ಅಂತಿದ್ರು." ಆಮೇಲೆ ಆದಿನಾರಾಯಣಪ್ಪನ ಕಡೆ ತಿರುಗಿ, "ಹಾರ ಹಾಕಿ ಸ್ವಾಮಿ. ಸಾವಿನ ಮನೆಗೆ ಬಂದೋರನ್ನ ಬೇಡ ಅನ್ನಲ್ಲ. ಫೋಟೋ ಮಾತ್ರ ಬೇಡ" ಎಂದಳು.

ಫೋಟೋದವನು ತಾನಾಗಿಯೇ ಕ್ಯಾಮೆರಾ ಮುಚ್ಚಿದ. ಆದಿನಾರಾಯಣಪ್ಪ ಹಾರವನ್ನು ಬೈಲಪ್ಪನ ಕಾಲ ಬಳಿ ಇಟ್ಟ. ಹಾಗೆ ಇಡಲು ಅವನು ಬಾಗಬೇಕಾಯಿತು. ಜೀಪು ಬಂದ ದಾರಿಯಲ್ಲೇ ಹೋಯಿತು.

ಚಟ್ಟಕ್ಕೆ ಮೇಷ್ಟ್ರು ಹೆಗಲು ಕೊಟ್ಟರು. ವಯಸ್ಸಾಯಿತು, ಬೇಡ ಎಂದವರ ಮಾತು ಕೇಳಲಿಲ್ಲ. ನಾಳೆ ಯಾರು ಬಂದು ಏನು ಕೇಳುವರೋ, ಆ ಯೋಚನೆ ಇತ್ತು. ಆದರೂ ಅಂಥವನನ್ನು ಹೊತ್ತ ಹೆಗಲು ಬಾಗಲಿಲ್ಲ. ಮಣ್ಣು ಹಾಕಿ, ಕೈ ತೊಳೆಯುವ ಮುಂಚೆ ಅಲ್ಲೇ ನಿಂತು ಕಣ್ಣು ಮುಚ್ಚಿದರು.

"ಸ್ವಾಮೀ, ಇವನಂಥವನ ಗೆಳೆತನ ಕೊಟ್ಟೆ, ಅದು ನನ್ನ ಪುಣ್ಯ. ನನ್ನ ತಪ್ಪಿನ ಲೆಕ್ಕ ನನ್ನಲ್ಲೇ ಇರಲಿ. ಇವನ ಜೀವವನ್ನು ನಿನ್ನ ಪಾದದ ಹತ್ತಿರ ಇಟ್ಟುಕೋ. ಶಾಂತಿ ಕೊಡು ತಂದೆ, ಇವನಿಗೆ ಶಾಂತಿ ಕೊಡು."