ಮಂಜಯ್ಯ ಶೆಟ್ರು ಕೇಳಿದ ಬಣ್ಣ

ಶ್ರೀಲತಾಳ ಕೆಲಸ ಏನೆಂದು ಅವಳ ಮನೆಯವರಿಗೇ ಸರಿಯಾಗಿ ಗೊತ್ತಿರಲಿಲ್ಲ. ಬ್ರಹ್ಮಾವರದಲ್ಲಿ ಒಂದು ಟ್ರಸ್ಟು ನಡೆಸುತ್ತಿದ್ದ ಸಣ್ಣ ಸಂಶೋಧನಾ ಕೇಂದ್ರದಲ್ಲಿ ಅವಳಿಗೊಂದು ಮೇಜು, ಒಂದು ಫೋನು ಇತ್ತು. ಒಳಗಿನ ಪ್ರಯೋಗಾಲಯದವರು ಏನಾದರೂ ಹೊಸತು ಕಂಡುಹಿಡಿದರೆ, ಅದನ್ನು ತಯಾರಿಸಿ ಮಾರುವ ಉದ್ಯಮಿಯನ್ನು ಹುಡುಕಿ ತರುವುದು ಅವಳ ಪಾಲಿನ ಕೆಲಸ. ಅತ್ತೆ ನೆಂಟರ ಹತ್ತಿರ, "ನಮ್ಮ ಸೊಸೆ ಮಿಷನಿಗೆಲ್ಲ ಗಂಡ್ ಹುಡ್ಕುದ್" ಎಂದು ಹೇಳಿ ನಗುತ್ತಿದ್ದರು. ಆ ಮಾತು ಶ್ರೀಲತಾಳಿಗೆ ಬೇಸರವೇನೂ ತರುತ್ತಿರಲಿಲ್ಲ. ಸಿಕ್ಕಿದ ಸಂಬಂಧಗಳೂ ಸಣ್ಣಪುಟ್ಟವೇ. ಕೋಕಂ ಹಣ್ಣಿನ ಬೀಜ ಬೇರ್ಪಡಿಸುವ ಯಂತ್ರಕ್ಕೆ ಕುಂದಾಪುರದ ಒಬ್ಬ ವೆಲ್ಡಿಂಗಿನವ ಸಿಕ್ಕಿದ್ದ, ಅಷ್ಟೆ.

ಅನೂಪನ ಬಣ್ಣ ಬಂದದ್ದು ಎರಡು ಸಾವಿರದ ಇಸವಿಯಲ್ಲಿ. ಅನೂಪ ಕೊಕ್ಕರ್ಣೆಯವನು, ರಸಾಯನಶಾಸ್ತ್ರ ಓದಿದವನು, ಮಾತು ಕಡಿಮೆ. ಗೇರುಬೀಜದ ಸಿಪ್ಪೆಯಿಂದ ತೆಗೆದ ಎಣ್ಣೆಯನ್ನು ಕಾಯಿಸಿ, ಬೆರೆಸಿ, ಆರಿಸಿ ಅವನು ಒಂದು ಕಪ್ಪು ಬಣ್ಣ ಮಾಡಿದ್ದ. ಆ ಎಣ್ಣೆ ತಾಗಿ ತಾಗಿ ಅವನ ಬೆರಳುಗಳ ಚರ್ಮ ಸುಲಿದು ಹೋಗಿತ್ತು. ಮರದ ದೋಣಿಯ ತಳಕ್ಕೆ ಈ ಬಣ್ಣ ಬಳಿದರೆ ಕಡಲಿನ ಚಿಪ್ಪು ಅಂಟುವುದಿಲ್ಲ, ಮರ ಕೊರೆಯುವ ಹುಳ ಹಿಡಿಯುವುದಿಲ್ಲ, ನೀರಿಗೆ ವಿಷವೂ ಸೇರುವುದಿಲ್ಲ ಎಂದು ಅವನು ಹೇಳಿದಾಗ ಶ್ರೀಲತಾ ಅರ್ಧ ಮಾತ್ರ ನಂಬಿದ್ದಳು.

ಉಳಿದರ್ಧ ನಂಬಿಕೆ ಬಂದದ್ದು ಗಂಗೊಳ್ಳಿಯಲ್ಲಿ. ಅಲ್ಲಿಯ ಗುಡ್ಡ ಎಂಬ ಮೀನುಗಾರ ತನ್ನ ದೋಣಿಗೆ ಆ ಬಣ್ಣ ಬಳಿಯಲು ಒಪ್ಪಿದ್ದ. ಇಡೀ ಋತು ಮೀನು ಹಿಡಿದು, ಮಳೆಗಾಲಕ್ಕೆ ಮುಂಚೆ ದೋಣಿಯನ್ನು ದಡಕ್ಕೆ ಎಳೆದ ದಿನ ಅವನು ಇಬ್ಬರನ್ನೂ ಕರೆಸಿಕೊಂಡ.

"ಹ್ವಾಯ್, ಬನ್ನಿ, ಕಾಣಿ!" ಎಂದು ದೂರದಿಂದಲೇ ಕೂಗಿದ. "ವರ್ಸ ವರ್ಸ ಚಿಪ್ಪ್ ಕೆರ್ದ್ ಕೆರ್ದ್ ನನ್ನ ಬೆನ್ನ್ ಮುರಿತಿದ್ದಿತ್ತ್. ಈಗ ಕೈ ಹಾಕಿ ಕಾಣಿ, ಬಾಳಿ ಎಲಿ ಇದ್ದಂಗೆ ಇತ್ತ್."

ಪಕ್ಕದಲ್ಲಿದ್ದ ಬೇರೆ ದೋಣಿಗಳ ತಳಗಳೆಲ್ಲ ಬಿಳಿ ಚಿಪ್ಪು ಹತ್ತಿ ಹುಣ್ಣಾದ ಮೈಯ ಹಾಗಿದ್ದವು. ಗುಡ್ಡನ ದೋಣಿ ಮಾತ್ರ ನುಣುಪಾಗಿ ಕಪ್ಪಗಿತ್ತು. ಅನೂಪ ದೋಣಿಯ ಅಡಿಗೆ ನುಸುಳಿ, ಬಹಳ ಹೊತ್ತು ಅಲ್ಲಿಯೇ ಕೂತ. ಹೊರಬಂದಾಗ ಅವನ ಅಂಗಿ ತುಂಬ ಮರಳು, ಮುಖದಲ್ಲಿ ಮಕ್ಕಳ ನಗು.

ಸುದ್ದಿ ಹರಡಿತು. ಮೊದಲು ಬಂದವರು ಬಿಜೂರಿನ ಮಂಜಯ್ಯ ಶೆಟ್ರು. ಬೊಂಬಾಯಿಯಲ್ಲಿ ಹೋಟೆಲು ನಡೆಸಿ, ಅದನ್ನು ತಮ್ಮನಿಗೆ ಒಪ್ಪಿಸಿ ಊರಿಗೆ ಬಂದು ಗೇರುಬೀಜದ ಕಾರ್ಖಾನೆ ಹಾಕಿದ್ದವರು. ಬಿಳಿ ಪಂಚೆ, ಕಂಕುಳಲ್ಲಿ ಕೊಡೆ. ಕುರ್ಚಿಯಲ್ಲಿ ಕೂತವರೇ ವಿಷಯಕ್ಕೆ ಬಂದರು.

"ಅಮ್ಮ, ನಮ್ಮಲ್ಲಿ ಸಿಪ್ಪೆ ರಾಶಿ ಬಿದ್ಕಂಡ್ ಇತ್ತ್. ಎಣ್ಣೆ ತೆಗುವ ಮಿಷನ್ನೂ ಇತ್ತ್. ಆ ಬಣ್ಣ ನಂಗೆ ಕೊಡಿ, ನಾನ್ ಮಾಡ್ತೆ. ಮೊದ್ಲ್ ಗಂಗೊಳ್ಳಿ, ಮತ್ತೆ ಮಲ್ಪೆ. ಕಡೆಗೆ ಕಾಂಬ."

"ಬಣ್ಣ ಮಾರಿ ಅಭ್ಯಾಸ ಇತ್ತಾ ಶೆಟ್ರೆ?"

"ಇಲ್ಲೆ. ಬೀಜ ಮಾರುಕೂ ಮೊದ್ಲ್ ಅಭ್ಯಾಸ ಇರ್ಲಿಲ್ಲೆ" ಎಂದು ಶೆಟ್ರು ನಕ್ಕರು.

ವಿಚಾರಿಸಿ ಹೇಳ್ತೆ ಎಂದು ಶ್ರೀಲತಾ ಅವರನ್ನು ಕಳಿಸಿದಳು. ಮನಸ್ಸಿನಲ್ಲಿ ಆಗಲೇ ಇನ್ನೊಂದು ಲೆಕ್ಕ ಓಡುತ್ತಿತ್ತು. ಬೊಂಬಾಯಿಯ ಒಂದು ದೊಡ್ಡ ಬಣ್ಣದ ಕಂಪೆನಿಗೆ ಅವಳು ಬರೆದಿದ್ದಳು. ಅಲ್ಲಿಯ ಮ್ಯಾನೇಜರೊಬ್ಬರು ಫೋನು ಮಾಡಿ ಒಳ್ಳೆಯ ಆಸಕ್ತಿ ತೋರಿಸಿದ್ದರು. ಅಂಥ ಕಂಪೆನಿ ಈ ಕೇಂದ್ರದ ಬಾಗಿಲಿಗೆ ಬರುವುದೆಂದರೆ ಸಣ್ಣ ಮಾತಲ್ಲ.

ವಿಷಯ ಕೇಳಿ ಅನೂಪ ಹಿಂಜರಿದ. "ಶೆಟ್ರ್ ನಾಳೆಯೇ ಶುರು ಮಾಡುಕೆ ತಯಾರಿದ್ರಲೆ" ಎಂದ.

"ಶೆಟ್ರ್ ಮಾಡ್ರೆ ಗಂಗೊಳ್ಳಿ, ಮಲ್ಪೆ ಅಷ್ಟೆ. ಬೊಂಬಾಯಿಯವ್ರ್ ಮಾಡ್ರೆ ಇಡೀ ಕರಾವಳಿ, ಅನೂಪ್. ನಿಮ್ ಬಣ್ಣ ಗುಜರಾತಿನ ದೋಣಿಗೂ ಹೋತ್ತ್."

ಅನೂಪ ತನ್ನ ಸುಲಿದ ಬೆರಳುಗಳನ್ನು ನೋಡಿಕೊಂಡ. ಆಮೇಲೆ, "ಆಯ್ತ್, ನಿಮ್ಗೆ ಕಂಡಂಗೆ ಮಾಡಿ" ಎಂದ.

ಮಾತುಕತೆ ನಡೆದದ್ದು ಕುಂದಾಪುರದ ಒಂದು ಹೋಟೆಲಿನಲ್ಲಿ. ಕಂಪೆನಿಯ ಮ್ಯಾನೇಜರು, ಕೇಂದ್ರದ ನಿರ್ದೇಶಕ ಲೀಲಾಧರರು, ಅನೂಪ, ಶ್ರೀಲತಾ. ಒಪ್ಪಂದದ ಪ್ರಕಾರ ಹತ್ತು ವರ್ಷ ಈ ಬಣ್ಣವನ್ನು ತಯಾರಿಸುವ ಹಕ್ಕು ಆ ಕಂಪೆನಿಗೆ ಮಾತ್ರ. ಬೇರೆ ಯಾರೂ, ಕೇಂದ್ರದವರೂ ಸಹ ಮಾಡಿ ಕೊಡುವ ಹಾಗಿಲ್ಲ. ಎರಡು ವರ್ಷದೊಳಗೆ ಮಾರುಕಟ್ಟೆಗೆ ತರದೆ ಹೋದರೆ ಹಕ್ಕು ವಾಪಸು ಬರಬೇಕು ಎಂಬ ಶರತ್ತನ್ನು ಶ್ರೀಲತಾಳೇ ಕರಡಿನಲ್ಲಿ ಸೇರಿಸಿದ್ದಳು. ಓದುತ್ತ ಬಂದ ಮ್ಯಾನೇಜರು ಆ ಸಾಲಿನಲ್ಲಿ ನಿಂತರು. ಕೋಪವೇನಿಲ್ಲ, ಬಹಳ ಮೃದುವಾಗಿಯೇ ಹೇಳಿದರು: ಇಂಥ ಶರತ್ತಿಗೆ ತಮ್ಮ ಮೇಲಿನವರು ಸಹಿ ಹಾಕುವುದಿಲ್ಲ, ಅದು ಬೇಕೇ ಬೇಕೆಂದರೆ ತಾವು ಈ ವಿಷಯ ಇಲ್ಲಿಗೇ ಬಿಡಬೇಕಾದೀತು.

ಲೀಲಾಧರರು ಶ್ರೀಲತಾಳ ಮುಖ ನೋಡಿದರು. ಟ್ರಸ್ಟಿನವರಿಗೆ ಅವರು ಆಗಲೇ ಸುದ್ದಿ ಮುಟ್ಟಿಸಿದ್ದರು, ಸಹಿಯ ಸಮಾರಂಭಕ್ಕೆ ಪತ್ರಿಕೆಯವರನ್ನೂ ಕರೆದಿದ್ದರು. ಶ್ರೀಲತಾಳಿಗೂ ಗೊತ್ತಿತ್ತು, ಈ ಮನುಷ್ಯ ಇಲ್ಲಿಂದ ಎದ್ದು ಹೋದರೆ ಮತ್ತೆ ಬರುವವನಲ್ಲ. ಇಷ್ಟು ದೂರ ಬಂದವರು ಮಾಡದೇ ಇರುತ್ತಾರೆಯೇ ಎಂದುಕೊಂಡು ಅವಳು ಆ ಸಾಲನ್ನು ಹೊಡೆದು ಹಾಕಿದಳು. ಅನೂಪ ಸುಮ್ಮನೆ ಕಾಫಿ ಕುಡಿಯುತ್ತಿದ್ದ.

ಸಹಿಯಾಯಿತು, ಪೇಪರಿನಲ್ಲಿ ಫೋಟೋ ಬಂತು. ಮಂಜಯ್ಯ ಶೆಟ್ರಿಗೆ ಶ್ರೀಲತಾ ಫೋನಿನಲ್ಲಿ ತಿಳಿಸಿದಳು. ಅವರು, "ಒಳ್ಳೇದಾಯ್ತ್ ಬಿಡಿ ಅಮ್ಮ, ದೊಡ್ಡವ್ರ್ ಮಾಡ್ರೆ ದೊಡ್ಡದಾಗ್ತ್" ಎಂದರು. ಅದರಲ್ಲಿ ವ್ಯಂಗ್ಯವಿರಲಿಲ್ಲ.

ಮೊದಲ ವರ್ಷ ಕಂಪೆನಿಯವರು ಪರೀಕ್ಷೆ ನಡೆಯುತ್ತಿದೆ ಎಂದರು. ಮರುವರ್ಷ ಆ ಮ್ಯಾನೇಜರು ಕೆಲಸ ಬಿಟ್ಟಿದ್ದರು. ಅವರ ಜಾಗಕ್ಕೆ ಬಂದವರಿಗೆ ಬಣ್ಣದ ವಿಷಯ ಮೊದಲಿನಿಂದ ವಿವರಿಸಬೇಕಾಯಿತು. ಅಷ್ಟರಲ್ಲಿ ಕಂಪೆನಿಯನ್ನೇ ಇನ್ನೊಂದು ಕಂಪೆನಿ ಕೊಂಡಿತು. ಕೊಂಡವರಲ್ಲಿ ದೋಣಿಗೆ ಬಳಿಯುವ ಅವರದ್ದೇ ಬಣ್ಣವಿತ್ತು. ಅದಕ್ಕೆ ಎದುರಾಗಿ ಇನ್ನೊಂದನ್ನು ತಾವೇ ಏಕೆ ಮಾರುತ್ತಾರೆ? ಹಾಗೆಂದು ಅವರು ಹಕ್ಕನ್ನು ಬಿಟ್ಟುಕೊಡಲೂ ಇಲ್ಲ. ಶ್ರೀಲತಾ ಬೊಂಬಾಯಿಗೇ ಹೋಗಿ ಬಂದಳು. ಕಂಪೆನಿಯ ಕಚೇರಿಯಲ್ಲಿ ಹುಡುಗಿಯೊಬ್ಬಳು ಚಹಾ ತಂದುಕೊಟ್ಟಳು, ಸಂಬಂಧಪಟ್ಟವರು ಊರಲ್ಲಿಲ್ಲ ಎಂದಳು.

ಗುಡ್ಡ ಒಂದು ಬೆಳಿಗ್ಗೆ ಗಂಗೊಳ್ಳಿಯಿಂದ ಬಸ್ಸು ಹತ್ತಿ ಬ್ರಹ್ಮಾವರಕ್ಕೆ ಬಂದ. ಕೈಯಲ್ಲಿ ಬಂಗುಡೆ ಮೀನು ತುಂಬಿದ ಚೀಲ.

"ಒಂದ್ ಡಬ್ಬ ಸಾಕ್ ಅಮ್ಮ, ನನ್ ದೋಣಿಗ್ ಮಾತ್ರ. ಯಾರತ್ರವೂ ಹೇಳುದಿಲ್ಲೆ."

"ಆತಿಲ್ಲೆ ಗುಡ್ಡಣ್ಣ. ಅದೀಗ ನಮ್ದಲ್ಲ."

"ನಿಮ್ದಲ್ದಾ? ಮತ್ತ್ಯಾರ್ದ್?"

"ಬೊಂಬಾಯಿ ಕಂಪೆನಿದ್."

"ಅವ್ರ್ ಮಾಡ್ತ್ರಾ?"

"ಇಲ್ಲೆ."

ಗುಡ್ಡ ಅವಳನ್ನೇ ನೋಡುತ್ತ ನಿಂತ. "ಅವ್ರೂ ಮಾಡುದಿಲ್ಲೆ, ನಿಮ್ಗೂ ಮಾಡುಕ್ ಆಗ. ಇದೆಂತ ಯಾಪಾರ ಅಮ್ಮ?"

ಪ್ರಯೋಗಾಲಯದ ಬಾಗಿಲಲ್ಲಿ ನಿಂತಿದ್ದ ಅನೂಪ ಇದನ್ನೆಲ್ಲ ಕೇಳಿಸಿಕೊಂಡ. ಒಳಗೆ ಹೋಗಿ ಕಾಯಲು ಇಟ್ಟಿದ್ದ ಎಣ್ಣೆಯ ಒಲೆ ಆರಿಸಿದ. ಮೀನಿನ ಚೀಲವನ್ನು ಬೇಡವೆಂದರೂ ಕೇಳದೆ ಗುಡ್ಡ ಅಲ್ಲೇ ಬಿಟ್ಟು ಹೋದ. ಶ್ರೀಲತಾ ಅದನ್ನು ಮನೆಗೆ ಒಯ್ದಳು. ಅವತ್ತಿನ ಸಾರು ಅವಳಿಗೆ ಸೇರಲಿಲ್ಲ.

ಆ ವರ್ಷವೇ ಅನೂಪ ಕೇಂದ್ರ ಬಿಟ್ಟು ಕುಂದಾಪುರದ ಒಂದು ಕಾಲೇಜಿನಲ್ಲಿ ಪಾಠ ಹೇಳಲು ಸೇರಿದ. ಜಗಳವಿಲ್ಲ, ದೂರಿಲ್ಲ. ಬೀಳ್ಕೊಡುಗೆಯ ದಿನ ಎಲ್ಲರ ಹತ್ತಿರ ನಗುನಗುತ್ತಲೇ ಮಾತಾಡಿದ. ಮುಂದೆ ಅವನು ಹೊಸತೇನನ್ನೂ ಮಾಡಲಿಲ್ಲ ಎಂದು ಅವಳು ಅವರಿವರಿಂದ ಕೇಳಿ ತಿಳಿದಳು.

ಹತ್ತು ವರ್ಷ ತುಂಬಿ ಹಕ್ಕು ತಾನಾಗಿ ವಾಪಸು ಬಂದಾಗ ಶ್ರೀಲತಾಳಿಗೆ ಯಾಕೋ ಗಡಿಬಿಡಿಯಾಯಿತು. ಲೀಲಾಧರರು ನಿವೃತ್ತರಾಗಿದ್ದರು. ಯಾಕೆಂದು ಕೇಳುವವರು ಯಾರೂ ಇರಲಿಲ್ಲ. ಅವಳು ನೇರ ಬಿಜೂರಿಗೆ ಹೋದಳು. ಮಂಜಯ್ಯ ಶೆಟ್ರಿಗೆ ಕಿವಿ ಮಂದವಾಗಿತ್ತು, ಕಾರ್ಖಾನೆಯನ್ನು ಮಗ ಮಿಥುನ್ ನೋಡಿಕೊಳ್ಳುತ್ತಿದ್ದ. ಅವಳು ಎರಡೆರಡು ಸಲ ಜೋರಾಗಿ ಹೇಳಿದ ಮೇಲೆ ಶೆಟ್ರಿಗೆ ಅರ್ಥವಾಯಿತು.

"ದೋಣಿ ಬಣ್ಣವಾ? ಈಗ ಯಾರಿಗ್ ಮಾಡುದ್ ಅಮ್ಮ? ಗಂಗೊಳ್ಳಿಗ್ ಹೋಯಿ ಕಾಣಿ. ಈಗೆಲ್ಲ ಫೈಬರ್, ಇಲ್ದಿದ್ರೆ ಕಬ್ಬಿಣ. ಮರದ್ ದೋಣಿ ಎಲ್ಲಿತ್ತ್?"

ಅವಳಿಗೆ ಅದು ಗೊತ್ತಿರಲಿಲ್ಲ ಎಂದಲ್ಲ. ಗುಡ್ಡನೇ ತನ್ನ ದೋಣಿಯನ್ನು ಹುಳ ತಿಂದ ಮೇಲೆ ಒಡೆದು ಸೌದೆಗೆ ಕೊಟ್ಟು, ಮಗನ ಜೊತೆ ಫೈಬರಿನದನ್ನು ಕೊಂಡಿದ್ದ. ಅನೂಪನ ಬಣ್ಣ ಮರಕ್ಕಾಗಿ ಹುಟ್ಟಿದ್ದು, ಫೈಬರಿನ ಮೇಲೆ ಅದು ನಿಲ್ಲದು. ಆದರೂ ಶೆಟ್ರ ಬಾಯಿಂದ ಕೇಳುವ ತನಕ ಅವಳು ಆ ಮಾತನ್ನು ದೂರವಿಟ್ಟಿದ್ದಳು.

ಅವಳ ಸಂಕಟ ನೋಡಲಾರದೆಯೋ ಏನೋ, ಮಿಥುನ್ ಒಂದು ದಾರಿ ತೆಗೆದ. ಹೆಂಚಿನ ಮಾಡಿಗೆ ಹಾಕುವ ಮರದ ಪಕ್ಕಾಸು, ಗೇಟು, ಬೇಲಿಯ ಕಂಬಗಳಿಗೆ ಗೆದ್ದಲು ಹಿಡಿಯದಂತೆ ಬಳಿಯಲು ಅದನ್ನು ತೆಳ್ಳಗೆ ಮಾಡಿ ಮಾರಬಹುದು ಎಂದ. ಈ ಸಲ ಶ್ರೀಲತಾ ಎರಡು ವರ್ಷದ ಶರತ್ತು ಬಿಡಲಿಲ್ಲ. ಅದು ಬೇಕಾಗಲೂ ಇಲ್ಲ, ಮಿಥುನ್ ಅದೇ ವರ್ಷ ಡಬ್ಬ ತುಂಬಿಸಿ ಬೈಂದೂರಿನ ಹಾರ್ಡ್‌ವೇರ್ ಅಂಗಡಿಗಳಿಗೆ ಕೊಟ್ಟ. ತಕ್ಕಮಟ್ಟಿಗೆ ಹೋಯಿತು.

ಅದನ್ನು ತಿಳಿಸಲು ಅವಳು ಅನೂಪನ ಕಾಲೇಜಿಗೆ ಹೋದಳು. ಅವನ ತಲೆಗೂದಲು ನರೆತಿತ್ತು, ಬೆರಳುಗಳಲ್ಲಿ ಸೀಮೆಸುಣ್ಣದ ಪುಡಿ. ಸ್ಟಾಫ್ ರೂಮಿನ ಹೊರಗಿನ ಜಗಲಿಯಲ್ಲಿ ಇಬ್ಬರೂ ಕೂತರು.

"ಪಕ್ಕಾಸಿಗಾ?" ಎಂದ ಅನೂಪ. "ಒಳ್ಳೇದೇ. ಎಲ್ಲೋ ಒಂದ್ ಕಡೆ ಉಪಯೋಗ ಆಯ್ತಲೆ."

"ಆವತ್ತ್ ಶೆಟ್ರಿಗೆ ಕೊಡ್ಕಾಯಿತ್ತ್, ಅನೂಪ್. ನಾನೇ ನಿಮ್ಮನ್ನ ಒಪ್ಸಿದ್ದ್."

ಅನೂಪ ಅಂಗಳದಲ್ಲಿ ಆಡುತ್ತಿದ್ದ ಹುಡುಗರತ್ತ ನೋಡಿದ.

"ನಾನ್ ಗಟ್ಟಿಯಾಯಿ ಬೇಡ ಅಂದಿದ್ರೆ ನೀವ್ ಕೇಂತಿದ್ರಿ, ಅಲ್ದಾ?"

"ಕೇಂತಿದ್ದೆ."

"ನಾನ್ ಹೇಳ್ಲಿಲ್ಲೆ. ಗುಜರಾತ್ ಅಂದ್ರಿ ಕಾಣಿ, ನಂಗೂ ಆಸೆ ಆಯ್ತ್."

ಅವನು ರೇಗಿದ್ದರೆ ಎಷ್ಟೋ ಸುಲಭವಾಗುತ್ತಿತ್ತು ಎಂದು ಶ್ರೀಲತಾಳಿಗೆ ಅನಿಸಿತು. ಹಂಚಿಕೊಂಡ ಮಾತ್ರಕ್ಕೆ ಹಗುರಾಗುವ ದುಃಖವೂ ಅದಾಗಿರಲಿಲ್ಲ. ಆಮೇಲೆ ಅವನು ಮಗಳ ಓದಿನ ವಿಷಯ ಹೇಳಿದ, ಅವಳು ಅತ್ತೆಯ ಆರೋಗ್ಯದ ವಿಷಯ ಹೇಳಿದಳು. ತರಗತಿಯ ಗಂಟೆ ಹೊಡೆದಾಗ ಅನೂಪ ಎದ್ದು, "ಬತ್ತೆ ಹಂಗಾರೆ" ಎಂದು ಪುಸ್ತಕ ಎತ್ತಿಕೊಂಡು ಒಳಗೆ ಹೋದ. ಶ್ರೀಲತಾ ಬಿಸಿಲಲ್ಲಿ ಬಸ್‌ಸ್ಟ್ಯಾಂಡಿನ ತನಕ ನಡೆದೇ ಹೋದಳು.